ಸ್ಯಾಲರಿ ಸ್ಲಿಪ್ಪಿನಿಂದ ಶುರುವಾದ ನಮ್ಮ ಯೂನಿಯನ್ ಕ್ಲಾಸು

ಕೋಲಾರದ ಹತ್ತಿರ ನರಸಾಪುರ ಇಂಡಸ್ಟ್ರಿಯಲ್ ಏರಿಯಾದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಯೂನಿಯನ್ ಕಾರ್ಯದರ್ಶಿ. ಸದಸ್ಯರಿಗೆ ಕ್ಲಾಸ್ ಮಾಡುವುದು ನಮ್ಮಲ್ಲಿ ಹೊಸದೇನಲ್ಲ. ಬೆಂಗಳೂರಿಂದ ವಕೀಲರೋ ಹಿರಿಯ ಮುಖಂಡರೋ ಬರುತ್ತಿದ್ದರು. ಹಾಲ್ ಹಿಡಿದು ಊಟ ಹಾಕಿಸುತ್ತಿದ್ದೆವು. ಭಾಷಣ ಚೆನ್ನಾಗೇ ಇರುತ್ತಿತ್ತು. ಆಮೇಲೆ ಮುಂದಿನ ವರ್ಷದವರೆಗೆ ಸದ್ದೇ ಇಲ್ಲ.

ಮೊದಲ ತೊಡಕು ಸಮಯದ್ದು. ಹೆಣ್ಣುಮಕ್ಕಳು ಮಾಲೂರು, ಬಂಗಾರಪೇಟೆ ಕಡೆಯಿಂದ ಕಂಪನಿ ಬಸ್ಸಲ್ಲಿ ಬರುತ್ತಾರೆ. ಶಿಫ್ಟ್ ಬಿಟ್ಟ ಸ್ವಲ್ಪ ಹೊತ್ತಿಗೇ ಬಸ್ ಹೊರಡುತ್ತದೆ. ಭಾನುವಾರ ಬನ್ನಿ ಅಂದರೆ ಮನೆ, ಹಸು, ಹೊಲ. ಹಾಗಾಗಿ ವೇತನ ಒಪ್ಪಂದದ ಮಾತುಕತೆಯಲ್ಲೇ ತಿಂಗಳಿಗೆ ಒಂದು ಗಂಟೆ ಸಂಬಳ ಸಮೇತ ಕಲಿಕೆಗೆ ಬೇಕು ಅಂತ ಕೇಳಿದೆವು. ಪ್ರೊಡಕ್ಷನ್ ಹೋಗುತ್ತಲ್ಲ ಅಂದರು ಮ್ಯಾನೇಜ್‌ಮೆಂಟಿನವರು. ಸುರಕ್ಷತೆಯ ಪಾಠವನ್ನೂ ಅದರಲ್ಲೇ ಸೇರಿಸುತ್ತೇವೆ ಅಂದ ಮೇಲೆ ಒಪ್ಪಿದರು. ಬಾಯಿಮಾತಲ್ಲಿ ಬಿಡದೆ ಕಾರ್ಮಿಕ ಇಲಾಖೆಯ ಅಧಿಕಾರಿ ಎದುರು, ಆಗಿದ್ದ ಕೈಗಾರಿಕಾ ವಿವಾದ ಕಾಯ್ದೆಯ 12(3) ಒಪ್ಪಂದದಲ್ಲೇ ಬರೆಸಿದೆವು. ಅಧಿಕಾರಿ ಇಲ್ಲದೆ ಎರಡೂ ಕಡೆಯವರೇ ಮಾಡಿಕೊಳ್ಳುವ 18(1) ಒಪ್ಪಂದ ಆಗಿದ್ದರೆ ಸಹಿ ಹಾಕಿದವರ ಮಟ್ಟಿಗೆ ಮಾತ್ರ. 12(3) ಆದರೆ ಆಮೇಲೆ ಸೇರುವ ಹುಡುಗರಿಗೂ ಅನ್ವಯ ಆಗುತ್ತಿತ್ತು. ಎಚ್‌ಆರ್ ಮ್ಯಾನೇಜರ್‌ಗಳು ಬದಲಾಗುತ್ತಲೇ ಇರುತ್ತಾರೆ, ಕಾಗದ ಇದ್ದರೆ ಜಗಳ ಕಡಿಮೆ.

ಪಾಠ ಏನು? ಕಾರ್ಮಿಕ ಚಳವಳಿಯ ಇತಿಹಾಸದಿಂದ ಶುರು ಮಾಡಬೇಕು ಅಂತ ಕೆಲವು ಹಿರಿಯರಿಗೆ ಆಸೆ. ನಾನು ಸ್ಯಾಲರಿ ಸ್ಲಿಪ್ ಮತ್ತು ಮೊಬೈಲ್ ತನ್ನಿ ಅಂದೆ. ಎಲ್ಲರೂ ಪಿಎಫ್ ಪಾಸ್‌ಬುಕ್ ತೆರೆದರು. ಹಿಂದಿನ ಸಾಲಿಂದ ಒಬ್ಬ ಕೇಳಿದ: “ಅಣ್ಣಾ, ನನ್ನ ಹತ್ರ 1,800 ಹಿಡೀತಾರೆ. ಕಂಪನಿ ಪಾಲು ಬರೀ 550 ತೋರಿಸ್ತಿದೆ. ಮಿಕ್ಕಿದ್ದು ನುಂಗಿದ್ರಾ?” ನುಂಗಿಲ್ಲ. ಕಂಪನಿಯೂ 12% ಕಟ್ಟುತ್ತದೆ. ಅದರಲ್ಲಿ 8.33% ಪಿಂಚಣಿ ಖಾತೆಗೆ ಹೋಗುತ್ತದೆ, 15,000ದ ಲೆಕ್ಕಕ್ಕೆ 1,250. ಪಿಂಚಣಿ ಬೇಕಾದರೆ 10 ವರ್ಷದ ಸರ್ವಿಸ್ ಆಗಬೇಕು. ಕೆಲಸ ಬಿಟ್ಟಾಗಲೆಲ್ಲ ಪಿಂಚಣಿ ಖಾತೆಯ ದುಡ್ಡನ್ನೂ ಡ್ರಾ ಮಾಡಿದರೆ ಆ ಲೆಕ್ಕ ಮತ್ತೆ ಮೊದಲಿಂದ. ಬೈಕಿಗೆ ಅಂತ ಪಿಎಫ್ ತೆಗೆದಿದ್ದವರು ಆವತ್ತು ಸುಮ್ನೆ ಕೂತಿದ್ದರು. ಮುಂದಿನ ತಿಂಗಳು ಕರೆಯುವ ಗೋಜೇ ಇರಲಿಲ್ಲ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಪಾಠ ಯಾವಾಗ ಅಂತ ಅವರೇ ಕೇಳಿದರು. ಕಾಯಿಲೆ ರಜೆಗೆ ಸಂಬಳದ 70% ಸಿಗುತ್ತದೆ, 91 ದಿನದವರೆಗೆ, ಅದಕ್ಕೆ ವಂತಿಗೆ 78 ದಿನ ಕಟ್ಟಿರಬೇಕು ಅನ್ನುವುದು ಹಳಬರಿಗೂ ಗೊತ್ತಿರಲಿಲ್ಲ. ಇತಿಹಾಸಕ್ಕೂ ಜಾಗ ಸಿಕ್ಕಿತು. ಕೆಜಿಎಫ್‌ನ ಗಣಿ ಕಾರ್ಮಿಕರು 1930ರಲ್ಲಿ ಬೆರಳಚ್ಚು ಕೊಡಲ್ಲ ಅಂತ ಮುಷ್ಕರ ಹೂಡಿದ್ದನ್ನು ಬಯೋಮೆಟ್ರಿಕ್ ಹಾಜರಿಯ ಪಾಠದಲ್ಲಿ ಹೇಳಿದೆವು. ಅಲ್ಲಿ ಅದು ಕಿವಿಗೆ ಬಿತ್ತು.

ಪಾಠ ಮಾಡುವವರು ನಮ್ಮವರೇ. 1958ರಲ್ಲಿ ಶುರುವಾದ ಕಾರ್ಮಿಕ ಶಿಕ್ಷಣ ಮಂಡಳಿಯ ಹಳೆಯ ಕ್ರಮ ಇದು: ಕಾರ್ಮಿಕರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ಅವರಿಂದ ಕಾರ್ಖಾನೆಯಲ್ಲಿ ಪಾಠ ಮಾಡಿಸುವುದು. ನಾವು ಲೈನಿಗಿಬ್ಬರನ್ನು ಆರಿಸಿದೆವು. ಒಬ್ಬರು ಹೇಳುವುದು, ಇನ್ನೊಬ್ಬರು ಪಕ್ಕದಲ್ಲಿ ಕೂತು ಕಲಿಯುವುದು, ಮುಂದಿನ ವಿಷಯಕ್ಕೆ ಅದಲುಬದಲು. ಕನ್ನಡ, ತೆಲುಗು ಎರಡೂ ಬರುವವರಿಗೆ ಜಾಸ್ತಿ ಬೇಡಿಕೆ. ಪದಾಧಿಕಾರಿಗಳನ್ನು ಬೇಕಂತಲೇ ಹೊರಗಿಟ್ಟೆ. ನಾವು ನಿಂತರೆ ಅದು ಚುನಾವಣಾ ಭಾಷಣ ಆಗಿಬಿಡುತ್ತದೆ ಅಲ್ವಾ?

ದುಡ್ಡಿನ ವಿಷಯ ಸಣ್ಣದು. ಯೂನಿಯನ್ ನಿಧಿಯನ್ನು ಸದಸ್ಯರ ಶಿಕ್ಷಣಕ್ಕೆ ಬಳಸಬಹುದು ಅಂತ 1926ರ ಟ್ರೇಡ್ ಯೂನಿಯನ್ ಕಾಯ್ದೆಯ 15ನೇ ಸೆಕ್ಷನ್ನೇ ಹೇಳಿತ್ತು. ಚಂದಾದಲ್ಲಿ ಒಂದು ಪಾಲನ್ನು ಬೇರೆ ತಲೆಬರಹದಡಿ ಇಡಲು ಜನರಲ್ ಬಾಡಿಯಲ್ಲಿ ಠರಾವು ಮಾಡಿಸಿದೆವು. ಜೆರಾಕ್ಸ್, ಟೀ, ಬಸ್ ಚಾರ್ಜಿಗೆ ಅದು ಸಾಕು.

ಬಗೆಹರಿಯದೆ ಉಳಿದಿರುವುದು ಗುತ್ತಿಗೆಯವರ ವಿಷಯ. ಆ ಒಂದು ಗಂಟೆ ಅವರಿಗೆ ಸಿಗುವುದಿಲ್ಲ. ಸದ್ಯಕ್ಕೆ ಪಾಠದ ಹಾಳೆಯನ್ನು ಕ್ಯಾಂಟೀನಿನಲ್ಲಿ ಅವರ ಕೈಗೂ ಕೊಡುತ್ತಿದ್ದೇವೆ. 2025ರ ನವೆಂಬರ್ 21ರಂದು, ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಆ ಹಾಳೆಗಳನ್ನೂ ತಿದ್ದಬೇಕಾಗಿದೆ. ವೇತನದ ವ್ಯಾಖ್ಯೆಯೇ ಬದಲಾಗಿದೆ, ಹಾಳೆ ತಿದ್ದುವ ಕೆಲಸವನ್ನು ಅಸೆಂಬ್ಲಿ ಲೈನಿನ ಇಬ್ಬರು ಅಕ್ಕಂದಿರು ವಹಿಸಿಕೊಂಡಿದ್ದಾರೆ.