ಬ್ಯಾಡಗಿ ಮೆಣಸಿನಕಾಯಿ ಲೆಕ್ಕದಲ್ಲಿ ಪೈಥಾನ್ ವೇರಿಯಬಲ್

ಪ್ರೋಗ್ರಾಮಿನಲ್ಲಿ ಒಂದು ಮೌಲ್ಯಕ್ಕೆ ಕೊಟ್ಟ ಹೆಸರೇ ವೇರಿಯಬಲ್. ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆ ಕನ್ನಡ ಅಕ್ಷರಗಳ ಹೆಸರನ್ನೂ ಒಪ್ಪುವುದರಿಂದ, ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಮೂರು ಕ್ವಿಂಟಲ್ ಮೆಣಸಿನಕಾಯಿ ತಂದ ರೈತರೊಬ್ಬರ ಲೆಕ್ಕವನ್ನು ಹೀಗೆ ಬರೆಯಬಹುದು (ದರ ಕೇವಲ ಉದಾಹರಣೆಗೆ):

ದರ = 20000
ತೂಕ = 3
ಮೊತ್ತ = ದರ * ತೂಕ

ಇಲ್ಲಿನ ಸಮ ಚಿಹ್ನೆಯು ಗಣಿತದ ಸಮೀಕರಣವಲ್ಲ. ಬಲಗಡೆಯದನ್ನು ಮೊದಲು ಲೆಕ್ಕ ಹಾಕಿ, ಬಂದ ಮೌಲ್ಯಕ್ಕೆ ಎಡಗಡೆಯ ಹೆಸರನ್ನು ಕೊಡಬೇಕೆಂಬ ಆದೇಶ. ಮೊತ್ತ 60000 ಆಯಿತು. ಅನಂತರ ದರ = 22000 ಎಂದು ಬರೆದರೂ, ಗುಣಾಕಾರದ ಸಾಲನ್ನು ಮತ್ತೊಮ್ಮೆ ನಡೆಸುವವರೆಗೆ ಮೊತ್ತ 60000 ಆಗಿಯೇ ಉಳಿಯುತ್ತದೆ. ದಲಾಲಿ ಅಂಗಡಿಯ ಎಕ್ಸೆಲ್ ಹಾಳೆಯಲ್ಲಿ ಮೊತ್ತವು ತಾನಾಗಿಯೇ ಬದಲಾಗುವುದನ್ನು ಕಂಡು ರೂಢಿಯಾದವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಹೆಸರು ಅಂಕಿಯಿಂದ ಆರಂಭವಾಗಬಾರದು, ನಡುವೆ ಖಾಲಿ ಜಾಗವೂ ಇರಬಾರದು. ಬರಿಯ ‘ತೂಕ’ಕ್ಕಿಂತ ‘ತೂಕ_ಕ್ವಿಂಟಲ್’ ಎಂಬ ಹೆಸರು ನನ್ನ ಮಟ್ಟಿಗೆ ಮೇಲು, ಏಕೆಂದರೆ ಕಿಲೋ ಲೆಕ್ಕ ಬೆರೆಯುವ ಭಯವಿಲ್ಲ.

ತೂಕವನ್ನು ಇನ್‌ಪುಟ್ ಫಂಕ್ಷನ್ (ಭಾಷೆಯಲ್ಲೇ ಸಿದ್ಧವಾಗಿರುವ ಆದೇಶ) ಮೂಲಕ ಕೇಳಿ ಪಡೆದರೆ, ಬರುವುದು ಸಂಖ್ಯೆಯಲ್ಲ, ಪಠ್ಯ. ಅದನ್ನು ಫ್ಲೋಟ್ ಫಂಕ್ಷನ್ನಿನಿಂದ ಸಂಖ್ಯೆಯಾಗಿಸದೆ 20000 ದಿಂದ ಗುಣಿಸಿದರೆ, ಪೈಥಾನ್ ದೋಷವನ್ನೂ ತೋರಿಸದೆ 3 ಎಂಬ ಅಕ್ಷರವನ್ನು ಇಪ್ಪತ್ತು ಸಾವಿರ ಬಾರಿ ಜೋಡಿಸಿಕೊಡುತ್ತದೆ.