ಎರಡು ಪ್ರತಿ ಸೇರಿಸಿ ಒಂದು ಕಂತು

ಅಮೆರಿಕದ ಹಳೆಯ ಗೇಮ್ ಶೋಗಳು ಅಳಿದದ್ದು ಬಹುಮಟ್ಟಿಗೆ ದುಡ್ಡಿನ ಲೆಕ್ಕಾಚಾರದಿಂದ. ಎರಡು ಇಂಚು ಅಗಲದ ವಿಡಿಯೋ ಟೇಪು ದುಬಾರಿ. ಹಗಲು ಹೊತ್ತಿನ ಆಟವನ್ನು ಎರಡನೇ ಸಲ ಯಾರು ನೋಡುತ್ತಾರೆಂದು ಅದರ ಮೇಲೇ ಇನ್ನೊಂದು ಕಾರ್ಯಕ್ರಮ ಮುದ್ರಿಸುತ್ತಿದ್ದರು. ಆರ್ಟ್ ಫ್ಲೆಮಿಂಗ್ 1964ರಿಂದ 1975ರವರೆಗೆ ನಡೆಸಿಕೊಟ್ಟ ‘ಜೆಪರ್ಡಿ’ಯ ಬಹುಪಾಲು ಕಂತುಗಳು ಹೀಗೇ ಹೋದವು. ಅದಕ್ಕಿಂತ ಹಳೆಯ ‘ವಾಟ್ಸ್ ಮೈ ಲೈನ್’ ಉಳಿದದ್ದು ಕಿನೆಸ್ಕೋಪಿನಿಂದ, ಅಂದರೆ ಟಿವಿ ಪರದೆಯ ಚಿತ್ರವನ್ನೇ ಫಿಲ್ಮಿಗೆ ಇಳಿಸಿಟ್ಟದ್ದರಿಂದ.

1994ರಲ್ಲಿ ಗೇಮ್ ಶೋ ನೆಟ್‌ವರ್ಕ್, 2015ರಲ್ಲಿ ಬಝರ್ ಎಂಬ ವಾಹಿನಿಗಳು ಶುರುವಾಗಿ, ಉಳಿದ ಕಂತುಗಳು ಮತ್ತೆ ತೆರೆಗೆ ಬಂದವು. ಮರುಪ್ರಸಾರದ ಚಿತ್ರ ಚೊಕ್ಕ, ಆದರೆ ಜಾಹೀರಾತಿಗೆ ಜಾಗ ಮಾಡಲು ಬಹುಮಾನಗಳ ವರ್ಣನೆ, ಕೊನೆಯ ಹೆಸರುಪಟ್ಟಿ ಕತ್ತರಿಗೆ ಸಿಗುತ್ತವೆ. ಅವು ಸಿಗುವುದು ಮೊದಲ ಪ್ರಸಾರವನ್ನು ಯಾರೋ ಮನೆಯಲ್ಲಿ ತುಂಬಿಟ್ಟ ವಿಎಚ್‌ಎಸ್ ಟೇಪಿನಲ್ಲಿ. ಎರಡನ್ನೂ ಹೊಲಿಯುವುದೇ ನನ್ನ ಕೆಲಸ.

ಟೇಪಿನ ಕಿಟಕಿಯಲ್ಲಿ ಬಿಳಿ ಬೂಷ್ಟು ಕಂಡರೆ ಅದನ್ನು ಡೆಕ್ಕಿಗೆ, ಅಂದರೆ ಟೇಪು ಓಡಿಸುವ ಯಂತ್ರಕ್ಕೆ, ಹಾಕುವುದಿಲ್ಲ. ಮುಂದಿನ ಟೇಪಿಗೂ ಅಂಟುತ್ತದೆ. ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೋಡಿಸಿ ಹಿಂದಕ್ಕೆ ಸುತ್ತುತ್ತೇನೆ. ಟಿ-120 ಟೇಪಿನಲ್ಲಿ ಆರು ಗಂಟೆ ತುಂಬುವ ಇಪಿ ಎಂಬ ನಿಧಾನ ವೇಗದ ಮುದ್ರಣವೇ ದೊಡ್ಡ ತಲೆನೋವು. ಟೇಪಿನ ಮೇಲೆ ಚಿತ್ರ ಮೂಡುವ ಜಾಡು ತೀರಾ ಕಿರಿದು, ಒಂದು ಡೆಕ್ಕಿನಲ್ಲಿ ಹರಿದುಹೋಗುವ ಚಿತ್ರ ಇನ್ನೊಂದರಲ್ಲಿ ನಿಲ್ಲುತ್ತದೆ. ಹಾಗಾಗಿ ಮೂರು ಡೆಕ್ಕಿನಲ್ಲಿ ಹಾಕಿ ನೋಡಿ, ಟೇಪು ಓದುವ ಹೆಡ್ಡನ್ನು ಜಾಡಿಗೆ ಕೂರಿಸುವ ಟ್ರ್ಯಾಕಿಂಗನ್ನು ಕೈಯಲ್ಲೇ ಹೊಂದಿಸುತ್ತೇನೆ. ಹೆಡ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆದು ಚರ್ಮದ ಪಟ್ಟಿ ಬೇಕು. ಪಟ್ಟಿಯನ್ನು ಅಲುಗಾಡಿಸದೆ ಹಿಡಿದು ಹೆಡ್ಡಿರುವ ಡ್ರಮ್ಮನ್ನು ಬೆರಳಿನಿಂದ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಹತ್ತಿಯಂತೂ ಬೇಡವೇ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ.

ಡೆಕ್ಕಿನಿಂದ ಕಂಪ್ಯೂಟರಿಗೆ ಎಸ್-ವಿಡಿಯೋ ತಂತಿ, ಗೆರೆಗಳ ಸಮಯ ಸರಿಪಡಿಸುವ ಲೈನ್ ಟಿಬಿಸಿ, ಆಮೇಲೆ ಚಿತ್ರವನ್ನು ಡಿಜಿಟಲ್ ಮಾಡುವ ಕ್ಯಾಪ್ಚರ್ ಕಾರ್ಡು. 720×480, ಸೆಕೆಂಡಿಗೆ 29.97 ಫ್ರೇಮು, ಹಫ್‌ವೈಯುವಿ ಕೋಡೆಕ್ (ಗುಣ ಕಳೆಯದೆ ಚಿತ್ರವನ್ನು ಕುಗ್ಗಿಸುವ ವಿಧಾನ). ಗಂಟೆಗೆ ಸುಮಾರು 30 ಜಿಬಿ ಬೇಕು. ಟಿಬಿಸಿ ಇಲ್ಲದಿದ್ದರೆ ನೆಟ್ಟಗಿನ ಕಂಬಗಳೂ ಬಾಗುತ್ತವೆ. ಡ್ರಾಪ್ ಆದ, ಅಂದರೆ ಕಂಪ್ಯೂಟರಿಗೆ ಸೇರದೆ ತಪ್ಪಿಹೋದ, ಫ್ರೇಮು ಸೊನ್ನೆ ಇರಬೇಕು. ಇಲ್ಲದಿದ್ದರೆ ಒಂದೊಂದೇ ಸೇರಿ ಕೊನೆಗೆ ಮಾತು ತುಟಿಗೆ ಹೊಂದುವುದಿಲ್ಲ. ಈ ಮೂಲ ಫೈಲನ್ನು ಇಂಟರ್‌ಲೇಸ್ಡ್ ಆಗಿಯೇ, ಅಂದರೆ ಒಂದೊಂದು ಫ್ರೇಮೂ ಫೀಲ್ಡ್ ಎಂಬ ಎರಡು ಅರ್ಧಚಿತ್ರಗಳಾಗಿರುವಂತೆಯೇ, ಎತ್ತಿಡುತ್ತೇನೆ. ನೋಡುವ ಪ್ರತಿಗೆ ಮಾತ್ರ ಅರ್ಧಚಿತ್ರಗಳನ್ನು ಪೂರ್ತಿ ಫ್ರೇಮು ಮಾಡುವ ಕ್ಯೂಟಿಜಿಎಂಸಿ ಫಿಲ್ಟರ್ ಬಳಸಿ 59.94 ಫ್ರೇಮಿಗೆ ತರುತ್ತೇನೆ. ಫೀಲ್ಡ್ ಕ್ರಮ ಅದಲು ಬದಲಾದರೆ ಸ್ಪರ್ಧಿ ಕೈ ಬೀಸುವಾಗ ಕೈ ಹಿಂದೆ ಮುಂದೆ ತೊನೆಯುತ್ತದೆ. ಮೊದಲ ಐದು ಸೆಕೆಂಡಿನಲ್ಲೇ ಗೊತ್ತಾಗುವ ತಪ್ಪು ಇದು. ಚಿತ್ರದ ಅಡಿಯಲ್ಲಿ ಹರಿದಾಡುವ ಹೆಡ್ ಸ್ವಿಚಿಂಗ್ (ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ದಾಟುವಾಗಿನ) ಗೆರೆಗಳನ್ನು ಕತ್ತರಿಸುವುದಿಲ್ಲ, ಕಪ್ಪು ಬಳಿಯುತ್ತೇನೆ. ಅಳತೆ ಬದಲಾದರೆ ಎರಡೂ ಪ್ರತಿ ಒಂದರ ಮೇಲೊಂದು ಕೂರುವುದಿಲ್ಲ.

ಹೊಲಿಗೆಯಲ್ಲಿ ಕಾಡುವುದು ವೇಗ. ಸಮಯ ಉಳಿಸಲು ಕೆಲವು ವಾಹಿನಿಗಳು ಕಂತನ್ನು ತುಸು ಓಡಿಸುತ್ತವೆ, ಇಲ್ಲವೇ ಅಲ್ಲಲ್ಲಿ ಫ್ರೇಮು ಕೀಳುತ್ತವೆ. ಓಡಿಸಿದ್ದರೆ ಒಂದೇ ಅನುಪಾತದಲ್ಲಿ ನಿಧಾನಿಸಿದರೆ ಸಾಕು. ಫ್ರೇಮು ಕಿತ್ತಿದ್ದರೆ ಆ ಉಪಾಯ ನಡೆಯದು, ತುಂಡು ತುಂಡಾಗಿಯೇ ಹೊಂದಿಸಬೇಕು. ಗಂಟೆಯ ಸದ್ದು, ಬಝರಿನ ಸದ್ದು ಒಳ್ಳೆಯ ಗುರುತುಗಳು. ಸಂಗೀತದ ಮಧ್ಯೆ ಧ್ವನಿಯ ಜೋಡಣೆ ಬೇಡ, ಕೇಳಿದವರಿಗೆಲ್ಲ ತಿಳಿಯುತ್ತದೆ; ಚಪ್ಪಾಳೆಯ ಅಡಿಯಲ್ಲಿ ಮಾಡಿದರೆ ಯಾರಿಗೂ ತಿಳಿಯದು. ಟೇಪಿನ ಭಾಗವನ್ನು ಫಿಲ್ಟರಿನಿಂದ ಉಜ್ಜಿ ಉಜ್ಜಿ ಮೇಣದ ಮುಖ ಮಾಡುವುದು ನನಗೆ ಒಗ್ಗದು. ಮಸುಕು ಮಸುಕಾಗಿಯೇ ಇರಲಿ, ಎಲ್ಲಿಂದ ಎಲ್ಲಿಗೆ ಯಾವ ಪ್ರತಿ ಎಂಬುದನ್ನು ಜೊತೆಗಿನ ಪಠ್ಯ ಫೈಲಿನಲ್ಲಿ ಬರೆದಿಡುತ್ತೇನೆ.

ಫೈಲಿನ ಹೆಸರಿನಲ್ಲಿ ಕಂತಿನ ಶುರುವಿನ ಗುರುತುಫಲಕವಾದ ಸ್ಲೇಟಿನ ನಿರ್ಮಾಣ ಸಂಖ್ಯೆ ಮೊದಲು, ಪ್ರಸಾರದ ದಿನಾಂಕ ಆಮೇಲೆ. ವಿಶೇಷ ಸುದ್ದಿಗಾಗಿ ಕಂತುಗಳು ಮುಂದೆ ಹೋಗುತ್ತಿದ್ದುದರಿಂದ ಇವೆರಡರ ಕ್ರಮ ಯಾವಾಗಲೂ ತಾಳೆಯಾಗುವುದಿಲ್ಲ.