ದದ್ದು ಎದ್ದದ್ದು ಯಾವ ದಿನ?

ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಆಶಾ ಕಾರ್ಯಕರ್ತೆಯ ಫೋನ್ ಬಂತು. ನಮ್ಮ ಮೂರನೇ ತರಗತಿಯ ಹುಡುಗನೊಬ್ಬನಿಗೆ ಜ್ವರ, ಮೈತುಂಬ ದದ್ದು. ದಡಾರ ಇರಬಹುದು ಅಂದರು. ಕಾರವಾರ, ಅಂಕೋಲಾ ನಡುವೆ ಕಡಲ ಬದಿಯ ಸರ್ಕಾರಿ ಶಾಲೆ ನಮ್ಮದು. ನಾನು ಅಲ್ಲಿ ಮುಖ್ಯ ಶಿಕ್ಷಕಿ. ಮುಂದಿನ ಮೂರು ವಾರ ಏನು ಮಾಡಿದೆವು ಅಂತ ಬರೆಯುತ್ತಿದ್ದೇನೆ. ಬೇರೆ ಶಾಲೆಯವರಿಗೂ ಬೇಕಾಗಬಹುದು.

ಆರೋಗ್ಯ ಕೇಂದ್ರದ ಸಿಸ್ಟರ್ ಜೊತೆ ಹುಡುಗನ ಮನೆಗೆ ಹೋದೆ. ನನಗೆ ಚಿಕ್ಕಂದಿನಲ್ಲೇ ದಡಾರ ಬಂದು ಹೋಗಿದೆ, ಹಾಗಾಗಿ ಹೆದರಿಕೆ ಇರಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಹುಡುಗ ಗೋಡೆ ಕಡೆ ತಿರುಗಿ ಮಲಗಿದ್ದ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಬೆಳಕು ಬಿದ್ದರೆ ಮುಖ ಮುಚ್ಚಿಕೊಳ್ಳುತ್ತಿದ್ದ.

ದದ್ದು ಕಂಡದ್ದು ಯಾವತ್ತು ಅಂತ ಸಿಸ್ಟರ್ ಕೇಳಿದರು. "ನಿನ್ನೆ" ಅಂದಳು ತಾಯಿ. ಅಷ್ಟರಲ್ಲಿ ಒಳಗಿಂದ ಅಜ್ಜಿ ಬಂದು, "ಇಲ್ಲ ಅಕ್ಕೋರೆ, ಶನಿವಾರ ಸಂಜೆನೇ ನಾ ನೋಡಿದ್ದೆ. ತಲೆ ಬಾಚೋವಾಗ ಕಿವಿ ಹಿಂದೆ ಇತ್ತು" ಅಂದರು.

ಆ ಒಂದು ದಿನದ ವ್ಯತ್ಯಾಸ ಸಣ್ಣದಲ್ಲ. ದದ್ದು ಏಳುವ 4 ದಿನ ಮೊದಲಿಂದಲೇ ದಡಾರ ಹರಡುತ್ತದೆ, ಎದ್ದ ಮೇಲೆ ಇನ್ನೂ 4 ದಿನ ಹರಡುತ್ತದೆ. ಭಾನುವಾರ ಎದ್ದಿದ್ದರೆ ಬುಧವಾರದಿಂದ ಲೆಕ್ಕ. ಶನಿವಾರವಾದರೆ ಮಂಗಳವಾರದಿಂದ. ಹಾಜರಿ ಪುಸ್ತಕ ತೆಗೆದೆ. ಹುಡುಗ ಮಂಗಳವಾರ, ಬುಧವಾರ, ಗುರುವಾರ ಬಂದಿದ್ದ. ಶುಕ್ರವಾರದಿಂದ ಗೈರು. ಮಂಗಳವಾರ ಪ್ರತಿಭಾ ಕಾರಂಜಿಯ ಅಭ್ಯಾಸ ಇತ್ತು, ಆರು, ಏಳನೇ ತರಗತಿಯವರೂ ಅದೇ ಹಾಲ್‌ನಲ್ಲಿದ್ದರು. ಅವರು ಎದ್ದು ಹೋದ ಮೇಲೆ ಐದನೇ ತರಗತಿಯವರು ಅಲ್ಲೇ ಊಟಕ್ಕೆ ಕೂತಿದ್ದರು. ರೋಗಿ ಹೊರಟುಹೋದರೂ 2 ಗಂಟೆ ತನಕ ವೈರಸ್ ಗಾಳಿಯಲ್ಲಿ ಇರಬಹುದು. ಹಾಗಾಗಿ ಅವರೂ ಪಟ್ಟಿಗೆ ಸೇರಿದರು. ಅಡುಗೆಯವರು, ಅವನ ಜೊತೆ ಆಟೋದಲ್ಲಿ ಬರುವ ಅಂಗನವಾಡಿ ಮಗು, ಎಲ್ಲರೂ. ಅಜ್ಜಿ ಬಾಯಿ ಬಿಡದಿದ್ದರೆ ಇವರಲ್ಲಿ ಅರ್ಧ ಜನ ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ನಮ್ಮಲ್ಲಿ ಒಬ್ಬ ಶಿಕ್ಷಕಿ ಗರ್ಭಿಣಿ. ಗರ್ಭಿಣಿಯರಿಗೆ ದಡಾರದ ಲಸಿಕೆ ಹಾಕುವ ಹಾಗಿಲ್ಲ. ಸೋಂಕಿನ ಸಂಪರ್ಕವಾದವರಿಗೆ ಬೇರೆ ಇಂಜೆಕ್ಷನ್ ಇದೆ, ಅದನ್ನು 6 ದಿನದೊಳಗೆ ಕೊಡಬೇಕು. ಮಂಗಳವಾರದಿಂದ ಎಣಿಸಿದರೆ ಆ ಸೋಮವಾರವೇ ಆರನೇ ದಿನ. ಪಾಠ ನಿಲ್ಲಿಸಿ ಆ ಹೊತ್ತೇ ಅವರನ್ನು ಡಾಕ್ಟರ ಹತ್ತಿರ ಕಳಿಸಿದೆ. ಅವರಿಗೆ ಏನು ಬೇಕು ಅನ್ನುವುದನ್ನು ಡಾಕ್ಟರೇ ನೋಡಿಕೊಂಡರು.

ಜಾಸ್ತಿ ಕಷ್ಟವಾದದ್ದು ಮಗುವಿನ ಲಸಿಕೆ ಬರೆದಿಡುವ ತಾಯಿ ಕಾರ್ಡ್ ಹುಡುಕುವುದು. "ಎಲ್ಲ ಇಂಜೆಕ್ಷನ್ ಆಗಿದೆ ಅಕ್ಕೋರೆ" ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ, ಅವರು ಹಾಗೇ ನಂಬಿರುತ್ತಾರೆ. ಪೋಲಿಯೋ ಹನಿ ಹಾಕಿಸಿದ್ದನ್ನೇ ನೆನಪಿಟ್ಟುಕೊಂಡಿರುತ್ತಾರೆ. ದಡಾರ ರುಬೆಲ್ಲಾ ಲಸಿಕೆ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಎರಡನೆಯದೇ ತಪ್ಪಿ ಹೋಗಿರುತ್ತದೆ. 2017ರ ಫೆಬ್ರವರಿಯ ಅಭಿಯಾನದಲ್ಲಿ ಶಾಲೆಯಲ್ಲೇ ಹಾಕಿದ್ದರಲ್ವಾ ಅಂತ ಕೆಲವರು ಕೇಳಿದರು. ಆಗ ಹಾಕಿಸಿಕೊಂಡವರು ಈಗ ದೊಡ್ಡವರಾಗಿದ್ದಾರೆ, ಇಂದಿನ ಒಂದನೇ ಎರಡನೇ ತರಗತಿಯವರು ಆಗ ಹುಟ್ಟಿಯೇ ಇರಲಿಲ್ಲ. ಘಟ್ಟದ ಮೇಲಿಂದ ಕೆಲಸಕ್ಕೆ ಬಂದ ಮೂರು ಕುಟುಂಬದವರ ಹತ್ತಿರ ಕಾರ್ಡೇ ಇರಲಿಲ್ಲ. ಕಾರ್ಡ್ ಇಲ್ಲದಿದ್ದರೆ ಲಸಿಕೆ ಆಗಿಲ್ಲ ಅಂತಲೇ ಲೆಕ್ಕ, ಇನ್ನೊಂದು ಡೋಸ್ ಬಿದ್ದರೂ ತೊಂದರೆ ಇಲ್ಲ ಅಂದರು ಸಿಸ್ಟರ್. ಸಂಪರ್ಕವಾದ 72 ಗಂಟೆಯೊಳಗೆ ಹಾಕಿದರೆ ಲಸಿಕೆಯೇ ರೋಗ ತಡೆಯಬಹುದು. ನಮಗೆ ಆ ಸಮಯ ದಾಟಿತ್ತು. ಆದರೂ ವೈದ್ಯಾಧಿಕಾರಿ ಒಪ್ಪಿದ ಮೇಲೆ ಬುಧವಾರ ಶಾಲೆಯಲ್ಲೇ ಲಸಿಕೆ ಹಾಕಿಸಿದೆವು. ಮುಂದಿನ ಸರಪಣಿ ಕಡಿಯಬೇಕಲ್ಲ.

ಹುಡುಗನ ಮನೆಯವರು "ಅಮ್ಮ ಬಂದಿದ್ದಾಳೆ" ಅಂತ ಔಷಧಕ್ಕೆ ಒಪ್ಪಿರಲಿಲ್ಲ. ನಾನು ಬೇವಿನ ಸೊಪ್ಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗುವನ್ನು ಹೊರಗೆ ಬಿಡದೆ ಇಟ್ಟುಕೊಳ್ಳುವ ಅವರ ಪದ್ಧತಿ ನಮಗೆ ಬೇಕಾದದ್ದೇ ಆಗಿತ್ತು. ಆದರೆ ಬರೀ ಗಂಜಿ ನೀರು ಕೊಟ್ಟರೆ ಸಾಲದು, ಮೀನು ಸಾರಿನ ಅನ್ನವೂ ಕೊಡಿ ಅಂತ ಕೇಳಿಕೊಂಡೆ. ವಿಟಮಿನ್ ಎ ಎರಡು ದಿನ ಸತತವಾಗಿ ಕೊಡಬೇಕು, ಕಣ್ಣು ಉಳಿಸಲಿಕ್ಕೆ ಅಂತ ಸಿಸ್ಟರ್ ಅಜ್ಜಿಗೇ ಹೇಳಿದರು. ಅಜ್ಜಿ ಒಪ್ಪಿದರು. ರಕ್ತದ ಮಾದರಿಯೂ ಹೋಯಿತು, ದಡಾರವೇ ಅಂತ ಬಂತು.

ಕೊನೆಯ ಸಂಪರ್ಕದ ಗುರುವಾರದಿಂದ ಎಣಿಸಿ 21 ದಿನ ಮುಗಿಯುವ ತನಕ ಪ್ರತಿ ಬೆಳಿಗ್ಗೆ ಗೇಟಿನಲ್ಲಿ ನಿಂತೆವು. ಮೈ ಬಿಸಿ ಇದೆಯಾ, ಕಣ್ಣು ಕೆಂಪಾಗಿದೆಯಾ, ಮೂಗು ಸೋರುತ್ತಿದೆಯಾ ನೋಡುವುದು. ಕಿವಿ ಹಿಂದೆಯೂ ನೋಡುವುದು. ಹತ್ತನೇ ದಿನ ಒಂದನೇ ತರಗತಿಯ ಹುಡುಗಿಯ ಹಣೆ ಸುಡುತ್ತಿತ್ತು. ಅವಳ ಹೆಸರು ನಮ್ಮ ಪಟ್ಟಿಯಲ್ಲಿತ್ತು, ಎರಡನೇ ಡೋಸ್ ತಪ್ಪಿದವಳು. ತರಗತಿಯೊಳಗೆ ಕಾಲಿಡುವ ಮೊದಲೇ ಮನೆಗೆ ಕಳಿಸಿ ಸಿಸ್ಟರ್‌ಗೆ ಫೋನ್ ಮಾಡಿದೆ. ನಾಲ್ಕನೇ ದಿನ ದದ್ದು ಎದ್ದಿತು. ಅವಳ ನಂತರ ಯಾರಿಗೂ ಬರಲಿಲ್ಲ.

ಈಗ ದಾಖಲಾತಿಗೆ ಬರುವ ಪ್ರತಿ ಮಗುವಿನ ತಾಯಿ ಕಾರ್ಡಿನ ಜೆರಾಕ್ಸ್ ಇಟ್ಟುಕೊಳ್ಳುತ್ತೇನೆ. ಕಾರ್ಡ್ ಇಲ್ಲದವರ ಹೆಸರು ಅಂದೇ ಸಿಸ್ಟರ್‌ಗೆ ಹೋಗುತ್ತದೆ.